ಬಲಮುರಿ, ಎಡಮುರಿ ಮತ್ತು ಮುರಿದ ಪದರ

ಬಳ್ಳಾರಿಯ ಕೌಲ್‌ಬಜಾರ್ ಕಡೆ ಕೊಂಡ ಜೀನ್ಸ್ ಪ್ಯಾಂಟು ಅದು. ಮೂರು ಸಲ ಒಗೆದ ಮೇಲೆ ಬಲಗಾಲಿನ ಹೊರಹೊಲಿಗೆ ಮೆಲ್ಲಗೆ ಮುಂದಕ್ಕೆ ಜಾರತೊಡಗಿತು. ಪಾದದ ಹತ್ತಿರ ಬರುವಷ್ಟರಲ್ಲಿ ಹೊಲಿಗೆ ಕಾಲ್ಬೆರಳಿನ ಕಡೆ ಮುಖ ಮಾಡಿತ್ತು. ಹೊಲಿದವರ ತಪ್ಪು ಅಂತ ಬೈದುಕೊಂಡೇ ಪರಿಚಯದ ಕಟಿಂಗ್ ಮಾಸ್ಟರ್ ಒಬ್ಬರ ಹತ್ತಿರ ಒಯ್ದೆ. ಅವರು ಬಲಗಾಲು ನೋಡಲೇ ಇಲ್ಲ. ಎಡಗಾಲನ್ನು ಮೇಜಿನ ಮೇಲೆ ಹಾಸಿ ಹೇಳಿದರು: ‘ಇದು ಹಿಂದಕ್ಕ ಹೋಗೇತಿ ನೋಡ್ರಿ. ಹೊಲಿಗಿ ತಪ್ಪಲ್ಲ, ಬಟ್ಟೀನ ತಿರುಗೇತಿ.’

ಹೌದಲ್ವಾ! ಬಲಗಾಲಿನ ಹೊಲಿಗೆ ಮುಂದೆ, ಎಡಗಾಲಿನದು ಹಿಂದೆ. ಅಂದರೆ ಮೇಲಿನಿಂದ ನೋಡಿದರೆ ಎರಡೂ ಕಾಲು ಒಂದೇ ದಿಕ್ಕಿಗೆ ತಿರುಗಿವೆ. ಎರಡೂ ಕನ್ನಡಿಯ ಬಿಂಬದಂತೆ ತಿರುಗಿದ್ದರೆ ಕತ್ತರಿಸಿದವರನ್ನೋ ಹೊಲಿದವರನ್ನೋ ಬೈಯಬಹುದಿತ್ತು. ಹೀಗೆ ಒಂದೇ ಕಡೆ ತಿರುಗಬೇಕಾದರೆ ಬಟ್ಟೆಯೊಳಗೇ ಒಂದು ‘ಬಲ-ಎಡ’ ಇರಬೇಕು. ಇದೆ. ಡೆನಿಮ್ ಬಟ್ಟೆಯನ್ನು ಹತ್ತಿರ ಹಿಡಿದು ನೋಡಿ, ಓರೆ ಗೆರೆಗಳು ಕಾಣುತ್ತವೆ. ಸಾಮಾನ್ಯ ಡೆನಿಮ್‌ನಲ್ಲಿ ಅವು ಬಲಕ್ಕೆ ಏರುತ್ತವೆ. ನೂಲಿನ ಹುರಿಗೂ ಒಂದು ದಿಕ್ಕಿದೆ. ನೀರು ಬಿದ್ದಾಗ ನೂಲಿನೊಳಗೆ ಬಿಗಿದಿಟ್ಟ ಬಲ ಸಡಿಲುತ್ತದೆ, ಇಡೀ ಬಟ್ಟೆ ಒಂದು ಕಡೆಗೆ ಓರೆಯಾಗುತ್ತದೆ. ಇದಕ್ಕೇ ಗಿರಣಿಗಳು ಬಟ್ಟೆಯನ್ನು ಮೊದಲೇ ಉಲ್ಟಾ ದಿಕ್ಕಿಗೆ ಎಳೆದು ಕಳಿಸುತ್ತವೆ. ನನ್ನ ಪ್ಯಾಂಟಿನ ಬಟ್ಟೆಗೆ ಆ ಭಾಗ್ಯ ಸಿಕ್ಕಿರಲಿಲ್ಲ.

ಕನ್ನಡಿಯಲ್ಲಿ ನೋಡಿದರೆ ಬೇರೆಯಾಗಿ ಕಾಣುವ, ಎಷ್ಟು ತಿರುಗಿಸಿದರೂ ತನ್ನ ಬಿಂಬದ ಮೇಲೆ ಸರಿಯಾಗಿ ಕೂರದ ಗುಣಕ್ಕೆ ವಿಜ್ಞಾನದಲ್ಲಿ ಕೈರಾಲಿಟಿ ಅನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ‘ಕೈ’ ಅನ್ನುವ ಅರ್ಥದ ಪದದಿಂದ ಬಂದದ್ದು. ನಮ್ಮಲ್ಲಿ ಇದಕ್ಕೆ ಒಳ್ಳೆಯ ಮಾತು ಮೊದಲಿಂದಲೂ ಇದೆ: ಬಲಮುರಿ, ಎಡಮುರಿ. ಬಲಮುರಿ ಗಣಪ, ಬಲಮುರಿ ಶಂಖ. ಇಲ್ಲಿ ‘ಮುರಿ’ ಅಂದರೆ ತಿರುಚು. ಮೈ ಮುರಿಯುವುದರಲ್ಲೂ ಅದೇ ಅರ್ಥ. ಆದರೆ ರೊಟ್ಟಿ ಮುರಿ ಅಂದಾಗ ಅರ್ಥ ಬೇರೆ, ತುಂಡು ಮಾಡು. ತಿರುಚುವುದಕ್ಕೂ ತುಂಡು ಮಾಡುವುದಕ್ಕೂ ನಮ್ಮ ಹಿರಿಯರು ಒಂದೇ ಪದ ಇಟ್ಟುಕೊಂಡರು. ನಾನು ಹೇಳಹೊರಟ ವಸ್ತುವಿನಲ್ಲಿ ಆ ಎರಡು ಅರ್ಥಗಳೂ ನಿಜಕ್ಕೂ ಒಂದಾಗುತ್ತವೆ.

ಆ ವಸ್ತು ದ್ರವಹರಳು. ಪಠ್ಯಪುಸ್ತಕದಲ್ಲಿ ದ್ರವ ಸ್ಫಟಿಕ. ಟಿವಿ, ಕ್ಯಾಲ್ಕುಲೇಟರ್ ಪರದೆಯ ಎಲ್‌ಸಿಡಿಯೊಳಗೆ ಇರುವುದು ಇದೇ. 1888ರಲ್ಲಿ ಪ್ರಾಗ್ ನಗರದ ಸಸ್ಯಶಾಸ್ತ್ರಜ್ಞ ಫ್ರೀಡ್ರಿಶ್ ರೈನಿಟ್ಜರ್ ಕೊಲೆಸ್ಟರಿಲ್ ಬೆಂಜೊಯೇಟ್ ಅನ್ನುವ ಪುಡಿಯನ್ನು ಕಾಯಿಸುತ್ತಿದ್ದ. 145.5 ಡಿಗ್ರಿಯಲ್ಲಿ ಅದು ಕರಗಿತು. ಆದರೆ ಕಲಗಚ್ಚಿನಂತೆ ಮಬ್ಬಾಗಿತ್ತು. 178.5 ಡಿಗ್ರಿಗೆ ಮತ್ತೊಮ್ಮೆ ‘ಕರಗಿ’ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುವ ಬಿಂದು! ನಡುವಿನ 33 ಡಿಗ್ರಿಯಲ್ಲಿ ಅದು ದ್ರವದಂತೆ ಹರಿಯುತ್ತಿತ್ತು, ಆದರೆ ಅದರ ಅಣುಗಳು ಹರಳಿನಂತೆ ಶಿಸ್ತಿನಲ್ಲಿ ನಿಂತಿದ್ದವು. ಅಣುಗಳು ಉದ್ದನೆಯ ಕಡ್ಡಿಗಳಂತಿರುತ್ತವೆ. ತುಂಗಭದ್ರೆಯ ಕಾಲುವೆಯಲ್ಲಿ ತೇಲಿಬಿಟ್ಟ ಜೋಳದ ದಂಟುಗಳನ್ನು ನೆನೆಸಿಕೊಳ್ಳಿ. ಹರಿಯುತ್ತಿವೆ, ಆದರೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖ ಮಾಡಿವೆ.

ಈ ಕಡ್ಡಿಗಳಿಗೆ ಬಲಮುರಿ ಗುಣ ಇದ್ದರೆ? ಸ್ಕ್ರೂಗಳನ್ನು ಪಕ್ಕಪಕ್ಕ ಜೋಡಿಸಿ ನೋಡಿ. ಒಂದರ ಸುರುಳಿ ಏಣು ಇನ್ನೊಂದರ ಗೀರಿನಲ್ಲಿ ಕೂರಬೇಕಾದರೆ ಎರಡೂ ಸರಿಯಾಗಿ ಸಮಾನಾಂತರ ಇರಲಾರವು, ಚೂರು ಓರೆಯಾಗುತ್ತವೆ. ಅಣುಗಳದ್ದೂ ಹೀಗೇ. ಪಕ್ಕದ ಅಣು ಒಂದು ಡಿಗ್ರಿಯ ಮೂರನೇ ಒಂದು ಭಾಗದಷ್ಟು ತಿರುಗಿದರೂ ಸಾಕು, ಸಾವಿರ ಅಣು ದಾಟುವಷ್ಟರಲ್ಲಿ ಹೆಚ್ಚುಕಡಿಮೆ ಪೂರ್ತಿ ಒಂದು ಸುತ್ತು ಆಗಿಬಿಡುತ್ತದೆ. ಅಣುವಿನ ಅಗಲ ಸುಮಾರು ಅರ್ಧ ನ್ಯಾನೊಮೀಟರ್ ಅಂದುಕೊಂಡರೆ ಆ ಸುತ್ತಿನ ಉದ್ದ 500 ನ್ಯಾನೊಮೀಟರ್. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದವೂ ಅಷ್ಟರಲ್ಲೇ ಇದೆ. ಹಾಗಾಗಿ ಇಂಥ ದ್ರವ ಬಣ್ಣಬಣ್ಣವಾಗಿ ಹೊಳೆಯುತ್ತದೆ. ಕಾವು ಬದಲಾದರೆ ಸುತ್ತಿನ ಉದ್ದವೂ ಬದಲಾಗುತ್ತದೆ, ಬಣ್ಣವೂ ಬದಲಾಗುತ್ತದೆ. ಮಕ್ಕಳ ಹಣೆಗೆ ಅಂಟಿಸಿ ಜ್ವರ ನೋಡುವ ಪಟ್ಟಿ ಕೆಲಸ ಮಾಡುವುದು ಹೀಗೆ. ಈ ತಿರುಚಿದ ದ್ರವಕ್ಕೆ ಕೊಲೆಸ್ಟರಿಕ್ ಅಂತ ಹೆಸರು. ಇಲ್ಲಿಯವರೆಗೆ ಯಾವ ಜಗಳವೂ ಇಲ್ಲ.

ಜಗಳ ಶುರುವಾಗುವುದು ಪದರಗಳು ಬಂದಾಗ.

ಇನ್ನಷ್ಟು ತಣ್ಣಗೆ ಮಾಡಿದರೆ ಕೆಲವು ದ್ರವಹರಳುಗಳಲ್ಲಿ ಅಣುಗಳು ಒಂದೇ ದಿಕ್ಕಿಗೆ ನಿಲ್ಲುವುದಷ್ಟೇ ಅಲ್ಲ, ಸಾಲುಗಟ್ಟಿ ಪದರ ಪದರವಾಗುತ್ತವೆ. ಪದರದೊಳಗೆ ಅಣುಗಳು ಬೇಕಾದ ಹಾಗೆ ಓಡಾಡಬಹುದು. ಪದರದಿಂದ ಪದರಕ್ಕೆ ಹಾರುವುದು ಕಷ್ಟ. ಇದಕ್ಕೆ ಸ್ಮೆಕ್ಟಿಕ್ ಅನ್ನುತ್ತಾರೆ. 1922ರಲ್ಲಿ ಫ್ರಾನ್ಸಿನ ಜಾರ್ಜ್ ಫ್ರೀಡೆಲ್ ಇಟ್ಟ ಹೆಸರು, ಮೂಲ ಗ್ರೀಕಿನ ಸೋಪು. ಬಚ್ಚಲಿನ ಸೋಪಿನ ಡಬ್ಬಿಯ ತಳದಲ್ಲಿ ಲೋಳೆಯಂಥದ್ದು ಕೂತಿರುತ್ತದಲ್ಲ, ಅದೂ ಪದರಗಟ್ಟಿದ ದ್ರವಹರಳೇ. ಜಾರುವುದು ಪದರದ ಮೇಲೆ ಪದರ ಸರಿಯುವುದರಿಂದ.

ನಮ್ಮ ಕಡೆ ಪದರ ಅಂದರೆ ಖಡಕ್ ರೊಟ್ಟಿಯ ಅಟ್ಟಿ. ಜಾತ್ರೆಗೆ, ಮದುವೆಗೆ ಬುಟ್ಟಿಯಲ್ಲಿ ಒಟ್ಟಿದ ಜೋಳದ ರೊಟ್ಟಿ. ಒಂದೊಂದು ರೊಟ್ಟಿ ಒಂದೊಂದು ಪದರ. ಅಣುಗಳು ರೊಟ್ಟಿಯ ದಪ್ಪದೊಳಗೆ ನೆಟ್ಟಗೆ ನಿಂತ ಕಡ್ಡಿಗಳು. ಈಗ ಅಟ್ಟಿಯನ್ನು ತಿರುಚಬೇಕು. ಮೇಲಿನ ರೊಟ್ಟಿಯನ್ನು ಹಾಗೇ ಚಕ್ರದಂತೆ ತಿರುಗಿಸುವುದು ಸುಲಭ, ಆದರೆ ಅದರಿಂದ ಏನೂ ಆಗಲಿಲ್ಲ. ನೆಟ್ಟಗಿದ್ದ ಕಡ್ಡಿ ನೆಟ್ಟಗೇ ಇದೆ. ಬಲಮುರಿ ಅಣು ಕೇಳುವ ತಿರುಚು ಅದಲ್ಲ. ಪಕ್ಕಕ್ಕೆ ಹೋದಂತೆ ಕಡ್ಡಿ ವಾಲಬೇಕು. ಒದ್ದೆ ಟವೆಲ್ ಹಿಂಡುವ ಹಾಗೆ ಅಟ್ಟಿಯ ಎರಡು ಅಂಚು ಹಿಡಿದು ಒಂದನ್ನು ಆ ಕಡೆ, ಇನ್ನೊಂದನ್ನು ಈ ಕಡೆ ತಿರುಗಿಸಬೇಕು. ಮಾಡಿ ನೋಡಿ. ಚಟ್ ಅಂತ ಸದ್ದು ಬರುತ್ತದೆ.

ಎರಡು ಆಸೆ, ಎರಡೂ ನ್ಯಾಯವೇ, ಆದರೆ ಒಟ್ಟಿಗೆ ಈಡೇರುವುದಿಲ್ಲ. ಭೌತಶಾಸ್ತ್ರದಲ್ಲಿ ಇದಕ್ಕೆ ಫ್ರಸ್ಟ್ರೇಷನ್ ಅನ್ನುತ್ತಾರೆ. ಹತಾಶೆ ಅಂತ ಅನುವಾದಿಸಿದವರಿದ್ದಾರೆ, ನನಗೆ ಅದು ಹಿಡಿಸುವುದಿಲ್ಲ. ಅಣುವಿಗೆಂಥ ಹತಾಶೆ? ‘ಇಕ್ಕಟ್ಟು’ ಸರಿಯಾದ ಪದ. ರಾಯಚೂರು, ಸಿಂಧನೂರಿನ ಎರೆ ಹೊಲ ಬೇಸಿಗೆಯಲ್ಲಿ ನೋಡಿದ್ದೀರಲ್ಲ? ಮೇಲಿನ ಮಣ್ಣು ಒಣಗಿ ಕುಗ್ಗಬೇಕು ಅನ್ನುತ್ತದೆ. ಕೆಳಗಿನ ಹಸಿ ಮಣ್ಣು ಬಿಡುವುದಿಲ್ಲ. ಕೊನೆಗೆ ಹೊಲ ಕೈ ಹೋಗುವಷ್ಟು ಅಗಲ ಬಿರುಕು ಬಿಡುತ್ತದೆ. ಆದರೆ ಸುಮ್ನೆ ಎಲ್ಲೆಂದರಲ್ಲಿ ಬಿಡುವುದಿಲ್ಲ. ದೊಡ್ಡ ದೊಡ್ಡ ಹೆಂಟೆಗಳು ಇಡಿಯಾಗಿ ಉಳಿಯುತ್ತವೆ, ಸುತ್ತ ಮಾತ್ರ ಬಿರುಕು. ಇಕ್ಕಟ್ಟು ಕಡಿಮೆ ಖರ್ಚಿನ ದಾರಿ ಹುಡುಕುತ್ತದೆ, ಆ ದಾರಿಗೆ ಒಂದು ಆಕಾರ ಇರುತ್ತದೆ.

ಸ್ಮೆಕ್ಟಿಕ್‌ನ ಇಕ್ಕಟ್ಟು ಯಾವ ಆಕಾರ ಪಡೆಯುತ್ತದೆ? ಇದಕ್ಕೆ ರೊಟ್ಟಿ ಬಿಟ್ಟು ನೋಟ್‌ಬುಕ್ ತೆಗೆದುಕೊಳ್ಳೋಣ, ಪುಟಸಂಖ್ಯೆ ಹಾಕಬಹುದು.

ದಪ್ಪ ನೋಟ್‌ಬುಕ್ಕೊಂದನ್ನು ಮೇಜಿನ ಮೇಲೆ ಮಲಗಿಸಿ. ಅದರ ಹಾಳೆಗಳು ಪದರಗಳು. ಪಕ್ಕದಲ್ಲೇ ತಾಗಿಸಿ ಇನ್ನೊಂದನ್ನು ಇಡಿ, ಆದರೆ ಇಳಿಜಾರಾಗಿ, 17 ಡಿಗ್ರಿ ವಾಲಿಸಿ. ಮೂರನೆಯದು ಇನ್ನೂ 17 ಡಿಗ್ರಿ ಜಾಸ್ತಿ. ಹೀಗೆ ಸಾಲಾಗಿ 21 ನೋಟ್‌ಬುಕ್ ಇಟ್ಟರೆ ಹೆಚ್ಚುಕಡಿಮೆ ಪೂರ್ತಿ ಒಂದು ಸುತ್ತು ಆಗುತ್ತದೆ. ಪ್ರತಿ ನೋಟ್‌ಬುಕ್‌ನೊಳಗೆ ಹಾಳೆಗಳು ಚಪ್ಪಟೆಯಾಗಿ, ಸಮ ಅಂತರದಲ್ಲಿವೆ. ಒಳಗೆ ಮುರಿತ ಇಲ್ಲ. ತಿರುಚು ಪೂರ್ತಿ ನೋಟ್‌ಬುಕ್ ನೋಟ್‌ಬುಕ್ ಸೇರುವ ಗಡಿಗಳಲ್ಲಿದೆ.

ಆದರೆ ಗಡಿಯಲ್ಲಿ ಏನಾಗುತ್ತದೆ? ದ್ರವದಲ್ಲಿ ರಟ್ಟು ಇಲ್ಲ, ಒಂದರ ಹಾಳೆ ಇನ್ನೊಂದರ ಹಾಳೆಗೆ ಕೂಡಬೇಕು. ಒಂದು ಇರುವೆ ಬಿಡೋಣ. ಮಲಗಿದ ನೋಟ್‌ಬುಕ್‌ನ 10ನೇ ಹಾಳೆಯ ಗುಂಟ ಇರುವೆ ಗಡಿಯ ಪಕ್ಕದಲ್ಲೇ ನಡೆಯಿತು. ಹಾಳೆ ಮಟ್ಟಸವಾಗಿದೆ, ಹಾಗಾಗಿ 10ರಲ್ಲೇ ಇದೆ. ಈಗ ಪಕ್ಕದ ವಾಲಿದ ನೋಟ್‌ಬುಕ್‌ಗೆ ದಾಟಿ ಅಷ್ಟೇ ದೂರ ಮಟ್ಟಸವಾಗಿ ವಾಪಸ್ ಬಂತು. ಇಲ್ಲಿ ಹಾಳೆಗಳು ಇಳಿಜಾರು, ಆದ್ದರಿಂದ ಮಟ್ಟಸವಾಗಿ ನಡೆದರೆ ಹಾಳೆಗಳನ್ನು ಅಡ್ಡಹಾಯಬೇಕು. ಒಂದು ಹಾಳೆ ದಾಟಿತು. ಮತ್ತೆ ಮೊದಲ ನೋಟ್‌ಬುಕ್‌ಗೆ ಕಾಲಿಟ್ಟಿತು. ಹೊರಟ ಜಾಗಕ್ಕೇ ಬಂದಿದೆ. ಆದರೆ ಲೆಕ್ಕ 11 ಅನ್ನುತ್ತಿದೆ!

ಒಂದು ಸುತ್ತು ಬಂದರೆ ಒಂದು ಮಹಡಿ ಬದಲಾಗುವುದು ಎಲ್ಲಿ? ಸುರುಳಿ ಮೆಟ್ಟಿಲಲ್ಲಿ. ಅಂದರೆ ಇರುವೆ ಸುತ್ತಿದ ಜಾಗದ ನಡುವೆ ಒಂದು ಸುರುಳಿ ಮೆಟ್ಟಿಲಿನ ಕಂಬ ಇರಲೇಬೇಕು. ಅದರ ನಟ್ಟನಡುವೆ ಪದರ ಅನ್ನುವುದೇ ಇಲ್ಲ, ಅಲ್ಲಿ ಮುರಿದಿದೆ. ಸುತ್ತ ಮಾತ್ರ ಪದರಗಳು ಒಂದರಿಂದ ಇನ್ನೊಂದಕ್ಕೆ ಏರುತ್ತಾ ಹೋಗುತ್ತವೆ. ವಿಜ್ಞಾನಿಗಳು ಇದನ್ನು ಸ್ಕ್ರೂ ಡಿಸ್‌ಲೊಕೇಷನ್ ಅನ್ನುತ್ತಾರೆ. ಇರುವೆ ಇನ್ನೂ ದೂರ ನಡೆದರೆ ಇನ್ನೊಂದು ಹಾಳೆ, ಅಂದರೆ ಇನ್ನೊಂದು ಮೆಟ್ಟಿಲ ಕಂಬ. ಹೀಗೆ ಗಡಿಯುದ್ದಕ್ಕೂ ಸಮ ಅಂತರದಲ್ಲಿ ಕಂಬಗಳ ಸಾಲು.

ಇದನ್ನು ಕಣ್ಣಾರೆ ನೋಡಲು ಸೊಳ್ಳೆ ಪರದೆ ಸಾಕು. ಎರಡು ಪದರ ಮಾಡಿ ಬೆಳಕಿಗೆ ಹಿಡಿದು ಒಂದನ್ನು ಚೂರು ತಿರುಗಿಸಿ. ಎಳೆಗಳು ಒಂದರ ಮೇಲೊಂದು ಕೂತಲ್ಲಿ ತಿಳಿ, ತಪ್ಪಿದಲ್ಲಿ ಮಬ್ಬು, ಹೀಗೆ ದೊಡ್ಡ ಪಟ್ಟೆಗಳು ಮೂಡುತ್ತವೆ. ತಪ್ಪಿದ ಪಟ್ಟೆ ಎಲ್ಲಿದೆಯೋ ಅಲ್ಲಿ ಮೆಟ್ಟಿಲ ಕಂಬ ಅಂತ ತಿಳಿಯಿರಿ. ಜಾಸ್ತಿ ತಿರುಗಿಸಿದರೆ ಪಟ್ಟೆಗಳು ಹತ್ತಿರ ಬರುತ್ತವೆ. ತಿರುಚು ಹೆಚ್ಚಿದಷ್ಟೂ ಮುರಿತ ಹೆಚ್ಚು, ಲೆಕ್ಕ ಅಷ್ಟೇ.

ಈ ಮುರಿತಗಳಿಗೆ ಶಕ್ತಿಯ ಖರ್ಚಿದೆ. ಅಣುಗಳ ಬಲಮುರಿ ಗುಣ ದುರ್ಬಲವಾಗಿದ್ದರೆ ಪದರಗಳು ತಿರುಚನ್ನು ಪೂರ್ತಿ ಹೊರಗೆ ಹಾಕುತ್ತವೆ, ಚಪ್ಪಟೆಯಾಗಿ ಉಳಿಯುತ್ತವೆ. ಜೋರಾಗಿದ್ದರೆ, ಕಂಬಗಳ ಖರ್ಚನ್ನೂ ಮೀರಿಸುವ ಲಾಭ ತಿರುಚಿನಿಂದ ಸಿಗುತ್ತದೆ. ಆಗ ಕಂಬಗಳು ಒಳಗೆ ಬರುತ್ತವೆ.

ಈ ಮಾತು ಬೇರೆಲ್ಲೋ ಕೇಳಿದ್ದೇನೆ ಅಂತ ಅನ್ನಿಸಿದರೆ, ಫ್ರಾನ್ಸಿನ ಭೌತವಿಜ್ಞಾನಿ ಪಿಯೆರ್ ಝಿಲ್ ದ ಝೆನ್‌ಗೂ ಹಾಗೇ ಅನ್ನಿಸಿತ್ತು. ಸೂಪರ್‌ಕಂಡಕ್ಟರ್, ಅಂದರೆ ವಿದ್ಯುತ್ತನ್ನು ತಡೆಯೇ ಇಲ್ಲದೆ ಹರಿಸುವ ವಸ್ತು, ಕಾಂತಕ್ಷೇತ್ರವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದರೆ ಒಂದು ಬಗೆಯ ಸೂಪರ್‌ಕಂಡಕ್ಟರ್ ಕ್ಷೇತ್ರ ಜೋರಾದಾಗ ಅದನ್ನು ತೆಳು ಎಳೆಗಳಾಗಿ ಒಳಗೆ ಬಿಡುತ್ತದೆ. ಎಳೆಯ ನಡುವೆ ಮಾತ್ರ ಸೂಪರ್‌ಕಂಡಕ್ಟರ್ ಗುಣ ಸತ್ತಿರುತ್ತದೆ, ಉಳಿದೆಡೆ ಗಟ್ಟಿ. ಸೋವಿಯತ್ ಭೌತವಿಜ್ಞಾನಿ ಅಲೆಕ್ಸೆಯ್ ಅಬ್ರಿಕೊಸೊವ್ 1957ರಲ್ಲಿ ಈ ಎಳೆಗಳ ಸಾಲಿನ ಲೆಕ್ಕ ಕೊಟ್ಟರು. ಆಸ್ಪತ್ರೆಯ ಎಂಆರ್‌ಐ ಯಂತ್ರದ ತಂತಿ ಈ ಬಗೆಯದು. ದ ಝೆನ್ 1972ರಲ್ಲಿ ತೋರಿಸಿದ್ದು ಇದು: ಸ್ಮೆಕ್ಟಿಕ್‌ನ ಸಮೀಕರಣಗಳೂ ಸೂಪರ್‌ಕಂಡಕ್ಟರ್‌ನ ಸಮೀಕರಣಗಳೂ ಅಣ್ಣತಮ್ಮಂದಿರು. ಕಾಂತಕ್ಷೇತ್ರದ ಜಾಗದಲ್ಲಿ ಬಲಮುರಿ ಗುಣ, ಎಳೆಗಳ ಜಾಗದಲ್ಲಿ ಸುರುಳಿ ಮೆಟ್ಟಿಲು. ಒಂದು ಸೊನ್ನೆಗಿಂತ ಇನ್ನೂರಕ್ಕೂ ಹೆಚ್ಚು ಡಿಗ್ರಿ ಕೆಳಗೆ ತಣ್ಣಗಾದ ಲೋಹ, ಇನ್ನೊಂದು ಸೋಪಿನಂಥ ಲೋಳೆ. ಎರಡಕ್ಕೂ ಒಂದೇ ಗಣಿತ. ನನಗಂತೂ ಇದನ್ನು ಮೊದಲು ಓದಿದ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಹಾಗಿದ್ದರೆ ಎಳೆಗಳ ಸಾಲಿಗೆ ಸರಿಯಾದ ಸ್ಥಿತಿ ಸ್ಮೆಕ್ಟಿಕ್‌ನಲ್ಲೂ ಇರಬೇಕಲ್ಲ? 1988ರಲ್ಲಿ ಅಮೆರಿಕದ ರೆನ್ ಮತ್ತು ಲುಬೆನ್ಸ್‌ಕಿ ಅದು ಹೇಗಿರುತ್ತದೆ ಅಂತ ಲೆಕ್ಕ ಹಾಕಿ ಬರೆದರು. ಮೇಲೆ ಜೋಡಿಸಿದ ನೋಟ್‌ಬುಕ್ ಸಾಲು ಅವರದ್ದೇ ಚಿತ್ರ. ಮರುವರ್ಷವೇ ಬೆಲ್ ಲ್ಯಾಬ್ಸ್‌ನ ಜಾನ್ ಗುಡ್‌ಬಿ ಮತ್ತು ಜೊತೆಗಾರರು ಅಂಥ ವಸ್ತುವನ್ನು ವರದಿ ಮಾಡಿದರು. ಹೆಸರು ಟ್ವಿಸ್ಟ್ ಗ್ರೇನ್ ಬೌಂಡರಿ, ಅಂದರೆ ತಿರುಚು ಕೂತ ಗಡಿ, ಚಿಕ್ಕದಾಗಿ ಟಿಜಿಬಿ. 1992ರಲ್ಲಿ ಅದನ್ನು ಥಟ್ಟನೆ ಹೆಪ್ಪುಗಟ್ಟಿಸಿ, ಮುರಿದು, ಮುರಿದ ಮೈಯ ಅಚ್ಚು ತೆಗೆದು ಎಲೆಕ್ಟ್ರಾನ್ ಮೈಕ್ರೊಸ್ಕೋಪಿನಲ್ಲಿ ನೋಡಿದರು. ಪದರದ ದಪ್ಪ 4.1 ನ್ಯಾನೊಮೀಟರ್. ಒಂದೊಂದು ‘ನೋಟ್‌ಬುಕ್’ ಸುಮಾರು 24 ನ್ಯಾನೊಮೀಟರ್. ಕಂಬದಿಂದ ಕಂಬಕ್ಕೆ ಸುಮಾರು 15. ಪಕ್ಕದ ನೋಟ್‌ಬುಕ್ ವಾಲಿದ್ದು ಸುಮಾರು 17 ಡಿಗ್ರಿ. ನಾನು ಆಗ 17 ಅಂದದ್ದು, 21 ನೋಟ್‌ಬುಕ್ ಅಂದದ್ದು ಇಲ್ಲಿಂದ. 21ನ್ನು 24ರಿಂದ ಗುಣಿಸಿ: 504. ಹಣೆಪಟ್ಟಿಯ ಬಣ್ಣ ಕೊಡುವ ಸುತ್ತಿನ ಉದ್ದ ಹತ್ತಿರ ಹತ್ತಿರ ಅಷ್ಟೇ.

ಇಂಥದ್ದೇ ಅಣುವಿನ ಎಡಮುರಿ ಜೋಡಿಯನ್ನು ಸಮಪಾಲು ಬೆರೆಸಿದರೆ ಏನಾಗುತ್ತದೆ? ತಿರುಚು ಕಳೆದುಹೋಗುತ್ತದೆ, ಟಿಜಿಬಿ ಮಾಯ, ಬರೀ ಚಪ್ಪಟೆ ಪದರ ಉಳಿಯುತ್ತದೆ. ಕಟಿಂಗ್ ಮಾಸ್ಟರ್ ಅವತ್ತು ಇನ್ನೊಂದು ಥಾನು ಬಿಚ್ಚಿ ತೋರಿಸಿದ್ದರು. ಅದರ ಓರೆ ಗೆರೆ ಸ್ವಲ್ಪ ದೂರ ಬಲಕ್ಕೆ ಏರಿ ಮತ್ತೆ ಎಡಕ್ಕೆ ಹೊರಳುತ್ತಿತ್ತು. ಬ್ರೋಕನ್ ಟ್ವಿಲ್ ಅಂತಾರೆ. ‘ಇದು ತಿರುಗಂಗಿಲ್ರಿ’ ಅಂದರು. ಬಲಮುರಿ ಎಡಮುರಿ ಒಂದನ್ನೊಂದು ತಿಂದುಹಾಕುವ ಅದೇ ಉಪಾಯ.

ಪದರಗಳಿಗೆ ಮುರಿಯದೆ ಪಾರಾಗುವ ದಾರಿಯೂ ಒಂದಿದೆ. ಅಣುಗಳು ಪದರದೊಳಗೆ ನೆಟ್ಟಗೆ ನಿಲ್ಲದೆ ಓರೆಯಾಗಿ ನಿಂತರೆ? ಆಗ ಮೊದಲ ರೊಟ್ಟಿಯಲ್ಲಿ ಕಡ್ಡಿಗಳು ಪೂರ್ವಕ್ಕೆ ವಾಲಲಿ, ಮೇಲಿನದರಲ್ಲಿ ಚೂರು ಉತ್ತರಕ್ಕೆ, ಅದರ ಮೇಲಿನದರಲ್ಲಿ ಇನ್ನಷ್ಟು. ರೊಟ್ಟಿಗಳು ಹಾಗೇ ಚಪ್ಪಟೆ, ತಿರುಚೂ ಸಿಕ್ಕಿತು. ಇಂಥ ಓರೆ ಪದರಕ್ಕೆ ಬಲಮುರಿ ಗುಣ ಸೇರಿದರೆ ಪ್ರತಿ ಪದರಕ್ಕೂ ವಿದ್ಯುತ್ತಿನ ಒಂದು ದಿಕ್ಕು ಬರುತ್ತದೆ ಅಂತ ರಾಬರ್ಟ್ ಮೇಯರ್ 1975ರಲ್ಲಿ ತೋರಿಸಿದರು. ಓರೆ ಅಣುಗಳಲ್ಲೂ ನೋಟ್‌ಬುಕ್ ಸಾಲು ಆಗುವುದುಂಟು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎನ್.ವಿ. ಮಧುಸೂದನ ಮತ್ತು ಸಂಗಡಿಗರು 1997ರಲ್ಲಿ ವಿವರಿಸಿದ ಒಂದರಲ್ಲಿ ಗಡಿಗಳೇ ಅಲೆಅಲೆಯಾಗಿ ಏರಿಳಿಯುತ್ತವೆ, ಮೈಕ್ರೊಸ್ಕೋಪಿನಲ್ಲಿ ಚೌಕುಳಿ ಲುಂಗಿಯಂತೆ ಕಾಣುತ್ತದೆ.

ಇಕ್ಕಟ್ಟಿಗೆ ಪದರವೇ ಬೇಕು ಅಂತಿಲ್ಲ. ಪದರವಿಲ್ಲದ ಕೊಲೆಸ್ಟರಿಕ್ ಕೆಲವೊಮ್ಮೆ ಒಂದೇ ಕಡೆ ಅಲ್ಲ, ಎಲ್ಲ ಕಡೆಗೂ ತಿರುಚಿಕೊಳ್ಳಲು ನೋಡುತ್ತದೆ. ಹಾಗೆ ತಿರುಚಿಕೊಂಡಾಗ ಆಗುವ ಉರುಳೆಗಳು ಜಾಗವನ್ನು ಪೂರ್ತಿ ತುಂಬಲಾರವು, ನಡುವೆ ದೋಷದ ಗೆರೆಗಳು ಉಳಿಯುತ್ತವೆ. ಅದು ಬ್ಲೂ ಫೇಸ್, ಅಂದರೆ ನೀಲಿ ಸ್ಥಿತಿ. ರೈನಿಟ್ಜರ್ ಪುಡಿಯನ್ನು ತಣಿಸುವಾಗ ಕಂಡ ನೀಲಿ ಮಿಂಚಿಗೂ ಇದಕ್ಕೂ ನಂಟಿದೆ. 2008ರಲ್ಲಿ ಸ್ಯಾಮ್ಸಂಗ್ ಬ್ಲೂ ಫೇಸ್ ಪರದೆಯ ಮಾದರಿ ತೋರಿಸಿತ್ತು. ಟಿಜಿಬಿಗೆ ಅಷ್ಟು ಭಾಗ್ಯವೂ ಇಲ್ಲ. ಅದು ಬದುಕುವುದೇ ಹೆಚ್ಚಾಗಿ ಕೆಲವೇ ಡಿಗ್ರಿಗಳ ಅಂತರದಲ್ಲಿ.

ಕೊನೆಗೊಂದು ಬಾಳೆಹಣ್ಣಿನ ಕತೆ. ಆನೆಗೊಂದಿಯ ತೋಟಗಳ ಬಾಳೆ ನೆನೆಸಿಕೊಳ್ಳಿ. ಬಾಗಿದ ಬಾಳೆಹಣ್ಣಿಗೆ ಎಡಮುರಿ ಬಲಮುರಿ ಇಲ್ಲ, ಕನ್ನಡಿಯಲ್ಲೂ ಅದೇ ಹಣ್ಣು. ಹಾಗೇ ಬಾಗಿದ ಅಣುಗಳಿವೆ. 1996ರಲ್ಲಿ ಜಪಾನಿನಲ್ಲಿ, 1997ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಅವುಗಳನ್ನು ಪದರಗಟ್ಟಿಸಿ ನೋಡಿದಾಗ ಸಿಕ್ಕಿದ್ದು ವಿಚಿತ್ರ: ಪದರಗಳಿಗೆ ತಾವಾಗಿಯೇ ಎಡಬಲ ಬಂದಿತ್ತು. ಬಾಳೆಗಳೆಲ್ಲ ಒಂದೇ ಕಡೆ ಬಾಗಿ ನಿಂತು, ಜೊತೆಗೆ ಪಕ್ಕಕ್ಕೆ ವಾಲಿದರೆ ಸಾಕು, ಆ ಜೋಡಣೆ ಕನ್ನಡಿಯಲ್ಲಿ ಬೇರೆಯಾಗುತ್ತದೆ. ಅರ್ಧ ಜಾಗದಲ್ಲಿ ಬಲಮುರಿ, ಇನ್ನರ್ಧದಲ್ಲಿ ಎಡಮುರಿ. ಇಂಥ ಅಣುಗಳಲ್ಲೇ ಇನ್ನೊಂದು ಸ್ಥಿತಿಯಿದೆ. ಅಲ್ಲಿ ಅಣುವಿನ ಎರಡು ತೋಳುಗಳೂ ಪದರವನ್ನು ಬೇರೆ ಬೇರೆ ದಿಕ್ಕಿಗೆ ಹಿಗ್ಗಿಸಬೇಕು ಅನ್ನುತ್ತವೆ. ಪದರ ಚಪ್ಪಟೆಯಾಗಿದ್ದರೆ ಇಬ್ಬರಿಗೂ ಸಮಾಧಾನ ಇಲ್ಲ. ಅದು ಕುದುರೆಯ ಜೀನಿನಂತೆ ಬಾಗುತ್ತದೆ, ಬಾಗಿ ಸುರುಳಿ ರಿಬ್ಬನ್ ಆಗುತ್ತದೆ. ಕೆಲವೇ ಪದರ ದಪ್ಪವಾದ ಮೇಲೆ ಬಾಗು ಸರಿಹೊಂದದೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಈ ಸುರುಳಿ ಎಳೆಗಳ ವಿವರ ಹೊರಬಂದದ್ದು 2009ರಲ್ಲಿ.

ಇದರ ದೊಡ್ಡ ರೂಪ ನೋಡಬೇಕಾದರೆ ಬಸವನಪಾದ ಮರದ ಕೆಳಗೆ ಹೋಗಿ. ಅದರ ಕಾಯಿಯ ಸಿಪ್ಪೆಯಲ್ಲಿ ನಾರಿನ ಎರಡು ಪದರಗಳಿವೆ, ಒಂದರ ನಾರು ಈ ಓರೆಗೆ, ಇನ್ನೊಂದರದ್ದು ಆ ಓರೆಗೆ. ಒಣಗುವಾಗ ಎರಡೂ ತಮ್ಮ ತಮ್ಮ ನಾರಿಗೆ ಅಡ್ಡಲಾಗಿ ಕುಗ್ಗುತ್ತವೆ, ಒಂದರ ಕುಗ್ಗು ಇನ್ನೊಂದಕ್ಕೆ ಒಗ್ಗುವುದಿಲ್ಲ. ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಒಂದು ಕಾಯಿಯನ್ನು ಕಿಟಕಿಯ ಮೇಲೆ ಇಟ್ಟಿದ್ದೆ. ಮಧ್ಯಾಹ್ನ ಚಟ್ ಅಂದಿತು. ಬೀಜ ಎಲ್ಲೋ ಹಾರಿಹೋದವು. ಎರಡು ಹೋಳು ಉಳಿದಿದ್ದವು, ಎರಡೂ ಸ್ಪ್ರಿಂಗಿನಂತೆ ಸುರುಳಿ. ಒಂದು ಬಲಮುರಿ, ಒಂದು ಎಡಮುರಿ.